ತಂಗಳು ಮುದ್ದೆಯೂ ಮನೆಯ ಬ್ರೆಡ್ಡೂ

ಚಿಕ್ಕಬಳ್ಳಾಪುರದಲ್ಲಿ ನನ್ನ ತಂಗಿಯ ಮನೆ. ಅವಳ ಮಗಳು ಏಳನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಅಮ್ಮನ ಜೊತೆ ಸೇರಿ ಕುಕ್ಕರಿನಲ್ಲಿ ಬ್ರೆಡ್ಡು ಮಾಡುವುದನ್ನು ಕಲಿತಳು. ತಳಕ್ಕೆ ಉಪ್ಪು ಹರವಿ, ಗ್ಯಾಸ್ಕೆಟ್ಟೂ ವಿಷಲ್ಲೂ ತೆಗೆದಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಿದ ಬ್ರೆಡ್ಡು. ಮೊದಲ ಸಲ ಎಷ್ಟು ಖುಷಿಯಾಗಿತ್ತೆಂದರೆ, ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ಜೋಪಾನವಾಗಿ ಎತ್ತಿಟ್ಟಳು. ಮೂರನೇ ದಿನ ತೆಗೆದು ನೋಡಿದರೆ ಮೇಲೆಲ್ಲ ಹಸಿರು, ಬಿಳಿ ಬೂಷ್ಟು. ಎರಡನೇ ಸಲ ಬುದ್ಧಿವಂತೆಯಾಗಿ ಫ್ರಿಜ್ಜಿನಲ್ಲಿಟ್ಟಳು. ಬೂಷ್ಟೇನೋ ಬರಲಿಲ್ಲ, ಆದರೆ ಮರುದಿನವೇ ಬ್ರೆಡ್ಡು ಬಿರುಸಾಗಿತ್ತು. ಅವತ್ತು ಸಂಜೆ ನನಗೆ ಫೋನು.

"ದೊಡ್ಡಮ್ಮ, ಹೊರಗಿಟ್ಟರೆ ಬೂಷ್ಟು, ಒಳಗಿಟ್ಟರೆ ಕಲ್ಲು. ಮತ್ತೆ ಎಲ್ಲಿಡೋದು?"

ಎಂಥ ಒಳ್ಳೆಯ ಪ್ರಶ್ನೆ, ನೋಡಿ ಮಕ್ಕಳೇ! ಅವಳು ಕೇಳಿದ ಕೂಡಲೇ ನನಗೆ ನೆನಪಾದದ್ದು ಬ್ರೆಡ್ಡಲ್ಲ, ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿ ನಾನು ಕದ್ದಿಟ್ಟ ಒಂದು ಮುದ್ದೆ.

ನಮ್ಮ ಕಡೆ "ಹಿಟ್ಟು ಉಂಡ್ಯಾ?" ಎಂದು ಕೇಳಿದರೆ ಮುದ್ದೆ ಉಂಡೆಯಾ ಎಂದೇ ಅರ್ಥ. ತೆಲುಗು ಮಾತಾಡುವ ಮನೆಗಳಲ್ಲಿ ಅದೇ ಮುದ್ದೆ "ಸಂಗಟಿ". ಒಂದು ರಾತ್ರಿ ಅಜ್ಜಿ ಕಟ್ಟಿದ ಮುದ್ದೆಗಳಲ್ಲಿ ಪುಟ್ಟದೊಂದನ್ನು ಬೆಳಿಗ್ಗೆ ಕರುವಿಗೆ ಕೊಡೋಣವೆಂದು ಗೋಡೆಗೂಡಿನಲ್ಲಿ ಬಚ್ಚಿಟ್ಟೆ. ಇಡುವಾಗ ಅದು ನುಣ್ಣಗೆ ಹೊಳೆಯುತ್ತಿತ್ತು. ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು, ಆ ಗುಳಿಯಲ್ಲಿ ನನ್ನ ಬೆರಳಿನ ಗೆರೆಗಳೂ ಮೂಡಿದ್ದವು. ಬೆಳಿಗ್ಗೆ ನೋಡಿದರೆ ಗುಳಿ ಹಾಗೇ ಇದೆ, ಹೊಳಪು ಹೋಗಿದೆ, ಸುತ್ತ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ಉಗುರು ಊರಿದರೆ ಹೆಂಟೆಯ ಹಾಗೆ ಚೂರಾಗಿ ಉದುರಿತು. ಅಜ್ಜಿ ಬೈಯಲಿಲ್ಲ. "ರಾತ್ರಿಯೆಲ್ಲ ತಣ್ಣಗೆ ಕೂತು ಮುನಿಸಿಕೊಂಡಿದೆ ಕಣೇ" ಎಂದರು.

ಮುದ್ದೆ ಮುನಿಸಿಕೊಳ್ಳುವುದು ಎಂದರೇನು?

ರಾಗಿಯಲ್ಲಾಗಲಿ ಗೋಧಿಯಲ್ಲಾಗಲಿ ಹೆಚ್ಚಿನ ಪಾಲು ಪಿಷ್ಟ. ಗ್ಲೂಕೋಸ್ ಎಂಬ ಸಕ್ಕರೆಯ ಸಾವಿರಾರು ಮಣಿಗಳನ್ನು ಪೋಣಿಸಿದ ಸರ ಅದು. ಕೆಲವು ಸರ ಉದ್ದಕ್ಕೆ ನೇರ, ಅವು ಅಮೈಲೋಸ್. ಕೆಲವು ಮರದ ಹಾಗೆ ಕವಲೊಡೆದವು, ಅವು ಅಮೈಲೋಪೆಕ್ಟಿನ್. ಹಿಟ್ಟಿನಲ್ಲಿ ಈ ಸರಗಳೆಲ್ಲ ಕಣ್ಣಿಗೆ ಕಾಣದ ಪುಟ್ಟ ಕಾಳುಗಳಾಗಿ ಬಿಗಿಯಾಗಿ ಅಡಕವಾಗಿರುತ್ತವೆ. ತಣ್ಣೀರಿಗೆ ಹಿಟ್ಟು ಹಾಕಿದರೆ ಆ ಬಿಗಿ ಬಿಡುವುದಿಲ್ಲ, ಅದಕ್ಕೇ ತಣ್ಣೀರಲ್ಲಿ ಮುದ್ದೆಯಾಗುವುದಿಲ್ಲ. ಎಸರು ಕುದಿಯಬೇಕು. ಸುಮಾರು 60–70 ಡಿಗ್ರಿ ಬಿಸಿ ತಾಗಿದರೆ ಪಿಷ್ಟದ ಕಾಳು ನೀರು ಕುಡಿದು ಉಬ್ಬುತ್ತದೆ, ಸರಗಳು ಸಡಿಲವಾಗಿ ಚೆಲ್ಲಾಪಿಲ್ಲಿಯಾಗುತ್ತವೆ, ನಡುನಡುವೆ ನೀರು ಸೇರಿಕೊಳ್ಳುತ್ತದೆ. ಅಮ್ಮ ಕೋಲು ಹಿಡಿದು ಗಂಟಿಲ್ಲದಂತೆ ತಿರುವುವಾಗ ಪಾತ್ರೆಯೊಳಗೆ ನಡೆಯುತ್ತಿರುವುದು ಇದೇ. ಮುದ್ದೆಯ ಮೆತುವು ಆ ಸಡಿಲ ಸರಗಳದು, ಅವುಗಳ ನಡುವೆ ಸಿಕ್ಕ ನೀರಿನದು.

ಶಿಡ್ಲಘಟ್ಟದ ಮಕ್ಕಳು ಇದನ್ನು ಇನ್ನೂ ಚೆನ್ನಾಗಿ ಊಹಿಸಿಕೊಳ್ಳಬಲ್ಲರು. ನಿಮ್ಮೂರಿನಲ್ಲಿ ರೇಷ್ಮೆ ನೂಲು ಬಿಚ್ಚುವುದನ್ನು ನೋಡಿರುತ್ತೀರಿ. ಗೂಡನ್ನು ಒಣಗಿರುವಾಗಲೇ ಹಿಡಿದು ಎಳೆದರೆ ಎಳೆ ಬರುವುದಿಲ್ಲ, ಸೆರಿಸಿನ್ ಎಂಬ ಅಂಟು ಎಳೆಗಳನ್ನು ಕಚ್ಚಿ ಹಿಡಿದಿರುತ್ತದೆ. ಬಿಸಿನೀರಿಗೆ ಹಾಕಿದ ಮೇಲೆ ಅಂಟು ಸಡಿಲವಾಗಿ ಎಳೆಯ ತುದಿ ಸಿಗುತ್ತದೆ. ತಣ್ಣಗಾಗಲು ಬಿಟ್ಟರೆ ಅಂಟು ಮತ್ತೆ ಬಿಗಿಯುತ್ತದೆ. ರೇಷ್ಮೆ ಪ್ರೋಟೀನು, ರಾಗಿಯದು ಪಿಷ್ಟ, ಎರಡೂ ಬೇರೆ ಬೇರೆ ವಸ್ತು. ಆದರೂ ಬಿಸಿಗೆ ಸಡಿಲ, ತಂಪಿಗೆ ಬಿಗಿ ಎಂಬ ನಡತೆ ಎರಡಕ್ಕೂ ಇದೆ. ಮುದ್ದೆ ಆರುತ್ತಾ ಹೋದಂತೆ ಪಿಷ್ಟದ ಸರಗಳು ಅಕ್ಕಪಕ್ಕ ಬಂದು ಸಾಲುಗಟ್ಟಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನಡುವೆ ಇದ್ದ ನೀರಿಗೆ ಜಾಗವಿಲ್ಲದೆ ಅದು ಪಕ್ಕಕ್ಕೆ ಸರಿಯುತ್ತದೆ. ಅಜ್ಜಿ ಹೇಳಿದ ಮುನಿಸು ಇದು.

"ಗಾಳಿಗೆ ಒಣಗಿ ಗಟ್ಟಿಯಾಯಿತು, ಅಷ್ಟೇ ತಾನೆ?" ಎಂದು ನೀವು ಕೇಳಬಹುದು. ಮೇಲಿನ ಸಿಪ್ಪೆ ಒಣಗಿದ್ದು ನಿಜ. ಆದರೆ 1852ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಬುಸ್ಯಾಂಗೋ ಒಂದು ಸರಳ ಕೆಲಸ ಮಾಡಿ ತೋರಿಸಿದ. ಬ್ರೆಡ್ಡನ್ನು ಒಂದು ಹನಿ ನೀರೂ ಹೊರಗೆ ಹೋಗದಂತೆ ಭದ್ರವಾಗಿ ಮುಚ್ಚಿಟ್ಟ. ಆದರೂ ಅದು ತಂಗಳು ಬ್ರೆಡ್ಡಿನ ಹಾಗೆ ಬಿರುಸಾಯಿತು! ಅದನ್ನೇ ಮತ್ತೆ ಸುಮಾರು 60 ಡಿಗ್ರಿಗೆ ಬಿಸಿ ಮಾಡಿದಾಗ ಮೆತ್ತಗಾಯಿತು. ನೀರು ಎಲ್ಲಿಗೂ ಹೋಗಿರಲಿಲ್ಲ, ಬ್ರೆಡ್ಡಿನೊಳಗೇ ಇತ್ತು, ಸರಗಳ ಸಾಲು ಮಾತ್ರ ಬದಲಾಗಿತ್ತು. ತಂಗಳು ಚಪಾತಿಯನ್ನು ಕಾವಲಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಮೆದುವಾಗುವುದೂ ಇದಕ್ಕೇ. ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ ಅನ್ನುವುದನ್ನೂ ನೀವು ಗಮನಿಸಿರಬಹುದು. ಕವಲುಗಳಿರುವ ಸರಗಳು ಆ ಬಿಸಿಗೆ ಕೈಬಿಡುತ್ತವೆ, ನೇರ ಸರಗಳು ಒಮ್ಮೆ ಕೈ ಹಿಡಿದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಈಗ ಫ್ರಿಜ್ಜಿನ ಮಾತಿಗೆ ಬರೋಣ. ಸರಗಳು ಸಾಲುಗಟ್ಟಲು ಅವಕ್ಕೆ ತಂಪೂ ಬೇಕು, ಅಲುಗಾಡಲು ಒಂದಿಷ್ಟು ಆಸ್ಪದವೂ ಬೇಕು. ಫ್ರಿಜ್ಜಿನೊಳಗಿನ ಸುಮಾರು 4 ಡಿಗ್ರಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹೊರಗೆ ಎರಡು ಮೂರು ದಿನದಲ್ಲಿ ಆಗುವ ಬಿರುಸು ಅಲ್ಲಿ ಒಂದೇ ದಿನಕ್ಕೆ ಬರುತ್ತದೆ. ಅದೇ ಫ್ರಿಜ್ಜಿನ ಮೇಲಿನ ಖಾನೆ, ಐಸು ಕಟ್ಟುವ ಫ್ರೀಜರ್, ಅಲ್ಲಿ ಸುಮಾರು ಮೈನಸ್ 18 ಡಿಗ್ರಿ. ಅಲ್ಲಿ ನೀರೂ ಗಟ್ಟಿ, ಸರಗಳೂ ಇದ್ದಲ್ಲೇ ನಿಂತುಬಿಡುತ್ತವೆ. ಹಾಗಾಗಿ ಬ್ರೆಡ್ಡಿಗೆ ಫ್ರೀಜರ್ ಸ್ನೇಹಿತ, ಅದರ ಕೆಳಗಿನ ಖಾನೆ ಅಲ್ಲ. ಒಂದೇ ಪೆಟ್ಟಿಗೆಯ ಎರಡು ಖಾನೆಗಳಲ್ಲಿ ಇಷ್ಟು ವ್ಯತ್ಯಾಸ ಇರುವುದು ನನಗೆ ಇವತ್ತಿಗೂ ಸೋಜಿಗ.

ಆದರೆ ಬೂಷ್ಟು? ಅದು ಬೇರೆಯದೇ ಕಥೆ. ಗಟ್ಟಿಯಾಗುವುದು ಬೇರೆ, ಕೆಡುವುದು ಬೇರೆ. ಗಟ್ಟಿಯಾದ ಬ್ರೆಡ್ಡು ಕೆಟ್ಟ ಬ್ರೆಡ್ಡಲ್ಲ. ಮೆತ್ತಗಿರುವ ಬ್ರೆಡ್ಡು ಒಳ್ಳೆಯ ಬ್ರೆಡ್ಡು ಎಂದೂ ಹೇಳಲಾಗದು. ಬೂಷ್ಟಿನ ಬೀಜಕಗಳು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ, ಬೆಂದ ಬ್ರೆಡ್ಡು ಆರುವಾಗ ಮೇಲೆ ಬಂದು ಕೂರುತ್ತವೆ. ಬೆಚ್ಚಗೆ ಇದ್ದು ತೇವವೂ ಸಿಕ್ಕರೆ ಮೊಳೆಯುತ್ತವೆ. ಬಿಸಿ ಬ್ರೆಡ್ಡನ್ನು ಕವರಿಗೆ ಹಾಕಿ ಕಟ್ಟಿದರೆ ಅದರ ಹಬೆ ಒಳಗೇ ಹನಿಯಾಗಿ ಬ್ರೆಡ್ಡಿನ ಮೇಲೆ ಇಳಿಯುತ್ತದೆ. ನನ್ನ ತಂಗಿಯ ಮಗಳು ತನಗೇ ಗೊತ್ತಿಲ್ಲದೆ ಬೂಷ್ಟಿಗೆ ಹದವಾದ ಮಳೆ ಸುರಿಸಿಕೊಟ್ಟಿದ್ದಳು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬೂಷ್ಟು ಬಂದ ಜಾಗ ಕಿತ್ತು ಮಿಕ್ಕದ್ದನ್ನು ತಿನ್ನಬೇಡಿ. ಮೇಲೆ ಕಾಣುವುದು ಅದರ ಹೂವಿದ್ದಂತೆ. ಬೇರಿನಂಥ ಎಳೆಗಳು ಒಳಗೆಲ್ಲ ಹಬ್ಬಿರುತ್ತವೆ, ಕೆಲವು ಬೂಷ್ಟು ವಿಷವನ್ನೂ ಬಿಡುತ್ತದೆ.

ಹೀಗೆ ಎರಡು ತೊಂದರೆ, ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಅನುಕೂಲ. ತಂಪು ಮಾಡಿದರೆ ಬೂಷ್ಟು ನಿಧಾನ, ಬಿರುಸು ಬೇಗ. ಮುಚ್ಚಿ ತೇವ ಕಾಪಾಡಿದರೆ ಮೇಲ್ಮೈ ಒಣಗುವುದಿಲ್ಲ, ಬೂಷ್ಟಿಗೆ ಹಬ್ಬ.

ಅಜ್ಜಿಯ ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಒಂದು ಮಣ್ಣಿನ ಮಡಕೆ ಇತ್ತು. ರಾತ್ರಿ ಉಳಿದ ಮುದ್ದೆಗಳು ಆರಿದ ಮೇಲೆ ಅವನ್ನು ಆ ಮಡಕೆಗೆ ಹಾಕಿ, ಮುಳುಗುವಷ್ಟು ನೀರು ಹೊಯ್ದು, ಒಂದು ಸೌಟು ಹುಳಿ ಮಜ್ಜಿಗೆ ಬೆರೆಸಿ, ತಟ್ಟೆ ಮುಚ್ಚಿ, ತಂಪಾದ ಮೂಲೆಯಲ್ಲಿ ಇಡುತ್ತಿದ್ದರು. ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಇರುತ್ತವೆ. ಅವು ರಾತ್ರಿಯೆಲ್ಲ ಕೆಲಸ ಮಾಡಿ ನೀರನ್ನು ಹುಳಿ ಮಾಡುತ್ತವೆ. ಆಹಾರ ಕೆಡಿಸುವ ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಆ ಹುಳಿ ಆಗುವುದಿಲ್ಲ. ಬೂಷ್ಟಿಗೆ ಬೆಳೆಯಲು ಗಾಳಿ ಬೇಕು, ಮುದ್ದೆ ನೀರಿನಡಿ ಮುಳುಗಿದೆ. ಇನ್ನು ಗಟ್ಟಿಯಾಗುವ ವಿಷಯ. ಗಟ್ಟಿಯಾದರೆ ಆಗಲಿ! ಬೆಳಿಗ್ಗೆ ಹೇಗೂ ಅದನ್ನು ಕಿವುಚಿ ಅಂಬಲಿ ಮಾಡುವುದು ತಾನೆ. ಗಟ್ಟಿಯಾಗುವುದನ್ನು ಗೆಲ್ಲಲು ಹೋಗದೆ ಅದಕ್ಕೆ ಹೊಂದಿಕೊಂಡ ಊಟವನ್ನೇ ಕಟ್ಟಿದ್ದು ನಮ್ಮ ಹಳ್ಳಿಯ ಹೆಂಗಸರ ದೊಡ್ಡ ಬುದ್ಧಿವಂತಿಕೆ ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು ಸಂಗತಿ: ತಣ್ಣಗಾಗಿ ಸಾಲುಗಟ್ಟಿದ ಪಿಷ್ಟದ ಒಂದು ಪಾಲು ನಮ್ಮ ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಹೋಗಿ, ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಆದರೆ ಮಡಕೆ ಚೊಕ್ಕಟವಾಗಿರಬೇಕು. ಲೋಳೆಯಾದರೆ, ಕೆಟ್ಟ ವಾಸನೆ ಬಂದರೆ ಚೆಲ್ಲಲೇಬೇಕು.

ಉತ್ತರ ಕರ್ನಾಟಕದವರು ಇನ್ನೊಂದು ದಾರಿ ಹಿಡಿದರು. ಜೋಳದ ರೊಟ್ಟಿಯಲ್ಲಿನ ನೀರನ್ನೇ ಪೂರ್ತಿ ತೆಗೆದುಬಿಟ್ಟರು. ನೀರಿಲ್ಲದ ಕಡೆ ಬೂಷ್ಟು ಮೊಳೆಯಲಾರದು. ಹಾಗಾಗಿ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ನಮ್ಮೂರ ಬೇಕರಿಯಲ್ಲಿ ಬ್ರೆಡ್ಡನ್ನು ಹೋಳು ಮಾಡಿ ಇನ್ನೊಮ್ಮೆ ಸುಟ್ಟು ರಸ್ಕ್ ಮಾಡುತ್ತಾರಲ್ಲ, ಅದೂ ಇದೇ ಉಪಾಯ.

ಹಾಗೆ ನೋಡಿದರೆ ಕಾಳು ಕಾಳಾಗಿರುವ ತನಕ ರಾಗಿಗೆ ಚಿಂತೆಯೇ ಇಲ್ಲ. ಹಿಂದೆ ಹಳ್ಳಿಗಳಲ್ಲಿ ನೆಲದಡಿ ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬರಗಾಲ ಬಂದರೆ ತೆಗೆಯಲು. ಕಾಳೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಅದು ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಹುಳು ಹುಪ್ಪಟೆ ಬದುಕಲಾರವು. ಮನುಷ್ಯರೂ ಬದುಕಲಾರರು. ಅದಕ್ಕೇ ಹಗೇವು ತೆರೆದ ಕೂಡಲೇ ಒಳಗೆ ಇಳಿಯದೆ, ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಅದೇ ರಾಗಿಯನ್ನು ಬೀಸಿ ಹಿಟ್ಟು ಮಾಡಿದರೆ, ಅದರೊಳಗಿನ ಎಣ್ಣೆಯಂಶ ಗಾಳಿಗೆ ತೆರೆದುಕೊಂಡು ಕೆಲವು ವಾರಗಳಲ್ಲಿ ಕಮಟು ವಾಸನೆ ಶುರು. ಮುದ್ದೆ ಮಾಡಿದಿರೋ, ಒಂದು ರಾತ್ರಿ.

ತಂಗಿಯ ಮಗಳಿಗೆ ನಾನು ಹೇಳಿದ್ದು ಇಷ್ಟು. ಬ್ರೆಡ್ಡನ್ನು ಜಾಲರಿಯ ಮೇಲಿಟ್ಟು ಒಳಗಿನ ಬಿಸಿಯೂ ಹೋಗುವ ತನಕ, ಎರಡು ಮೂರು ಗಂಟೆ, ಆರಲು ಬಿಡು. ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡು. ಎರಡು ದಿನಕ್ಕೆ ಬೇಕಾದಷ್ಟು ಹೊರಗಿರಲಿ, ಮಿಕ್ಕದ್ದನ್ನು ಮೊದಲ ದಿನವೇ ಹೋಳು ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿಗೆ ಹಾಕು. ಬೇಕಾದಾಗ ಒಂದೊಂದೇ ಹೋಳು ತೆಗೆದು ನೇರ ಕಾವಲಿಗೆ.

"ನೀವು ಹೇಳಿದ್ದು ನಿಜಾನಾ ಅಂತ ನೋಡ್ತೀನಿ" ಎಂದಳು. ನನಗೆ ಸಂತೋಷವಾಯಿತು. ಗೌರಿಬಿದನೂರು ಪಕ್ಕದ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನ ಓದಿ, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ ಎಚ್. ನರಸಿಂಹಯ್ಯನವರು ಜೀವನವಿಡೀ ಮಕ್ಕಳಿಗೂ ದೊಡ್ಡವರಿಗೂ ಕಲಿಸಿದ್ದು ಹೀಗೆ ಪ್ರಶ್ನಿಸಿ ನೋಡುವುದನ್ನೇ.

ನೀವೂ ಮಾಡಿ. ಒಂದೇ ಬ್ರೆಡ್ಡಿನ ನಾಲ್ಕು ಹೋಳು. ಒಂದು ತೆರೆದ ತಟ್ಟೆಯಲ್ಲಿ, ಒಂದು ಮುಚ್ಚಿದ ಡಬ್ಬಿಯಲ್ಲಿ ಹೊರಗೆ, ಒಂದು ಅಂಥದೇ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ, ಒಂದು ಫ್ರೀಜರಿನಲ್ಲಿ. ಮರುದಿನ ನಾಲ್ಕನ್ನೂ ಹೊರಗಿಟ್ಟು, ತಣುಪು ಬಿಟ್ಟ ಮೇಲೆ ಬೆರಳಿನಿಂದ ಒತ್ತಿ ನೋಡಿ ಬರೆದಿಡಿ. ಬಿರುಸಾದ ಹೋಳನ್ನು ಕಾವಲಿಯ ಮೇಲೆ ಬಿಸಿ ಮಾಡಿ ಮತ್ತೆ ಒತ್ತಿ ನೋಡಿ. ಮನೆಯಲ್ಲಿ ಮುದ್ದೆಯಿದ್ದರೆ ಅದರಲ್ಲೂ ಮಾಡಬಹುದು. ಕಾವಲಿಯ ಕೆಲಸಕ್ಕೆ ದೊಡ್ಡವರು ಜೊತೆಗಿರಲಿ.

ಅವಳು ಮೂರು ದಿನ ಬಿಟ್ಟು ಫೋನು ಮಾಡಿದಳು. ಫ್ರಿಜ್ಜಿನ ಹೋಳು ಡಬ್ಬಿಯ ಹೋಳಿಗಿಂತ ಬಿರುಸಾಗಿತ್ತಂತೆ. ಕಾವಲಿಯ ಮೇಲೆ ಬಿಸಿ ಮಾಡಿದಾಗ ಮೆತ್ತಗಾಯಿತಂತೆ. ಆದರೆ ಅವಳು ನಾನು ಹೇಳದೇ ಇದ್ದ ಒಂದನ್ನು ಕಂಡುಹಿಡಿದಿದ್ದಳು. ಬಿಸಿ ಮಾಡಿದ ಹೋಳು ಆರುತ್ತಲೇ ಮೊದಲಿಗಿಂತ ಬೇಗ, ಮೊದಲಿಗಿಂತ ಹೆಚ್ಚು ಗಟ್ಟಿಯಾಯಿತು. ಯಾಕೆ ಎಂದು ನಾನು ಬಾಯಿಬಿಡುವ ಮೊದಲೇ ಅವಳೇ ಹೇಳಿದಳು: "ಕಾವಲಿ ಮೇಲೆ ಹಬೆ ಬಂತಲ್ಲ ದೊಡ್ಡಮ್ಮ, ಈ ಸಲ ನೀರು ನಿಜವಾಗ್ಲೂ ಹೊರಟುಹೋಯ್ತು."