ಪದದ ಕೊನೆಯ ಸ್ವರ



ಅರಬಿ ವ್ಯಾಕರಣವೆಂದರೆ ನಮ್ಮ ಮಕ್ಕಳಿಗೆ ಭಯ. ರಫ್‌ಅ, ನಸ್ಬ್, ಜರ್ರ್ ಎಂದು ಬಾಯಿಪಾಠ ಮಾಡುತ್ತಾರೆ, ಇದೆಲ್ಲ ಏಕೆಂದು ಕೇಳುವುದಿಲ್ಲ. ಉತ್ತರ ಕನ್ನಡದಲ್ಲೇ ಇದೆ. ‘ಹುಡುಗ ಹಾವನ್ನು ಕೊಂದ’, ‘ಹುಡುಗನನ್ನು ಹಾವು ಕೊಂದಿತು’. ಸತ್ತದ್ದು ಯಾರೆಂದು ಹೇಳುವುದು ‘ಅನ್ನು’ ಪ್ರತ್ಯಯ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ವಿಭಕ್ತಿ ಇದೇ. ನಮ್ಮಲ್ಲಿ ವಿಭಕ್ತಿ ಏಳು, ಅರಬಿಯಲ್ಲಿ ಮೂರೇ! ‘ಮುಅಲ್ಲಿಮುನ್’ ಎಂದರೆ ಶಿಕ್ಷಕನು, ‘ಮುಅಲ್ಲಿಮನ್’ ಎಂದರೆ ಶಿಕ್ಷಕನನ್ನು, ‘ಮುಅಲ್ಲಿಮಿನ್’ ಎಂದರೆ ಶಿಕ್ಷಕನ.

ತೊಡಕು ಇರುವುದು ವಿಶೇಷಣದಲ್ಲಿ. ಕನ್ನಡದ ‘ಒಳ್ಳೆಯ’ ಹುಡುಗನಿಗೂ ಹುಡುಗಿಗೂ ಒಂದೇ. ಉರ್ದು ಮಾತನಾಡುವ ಮನೆಯವರಿಗೆ ಮಾತ್ರ ಬದಲಾವಣೆಯ ಅಭ್ಯಾಸವಿದೆ: ‘ಅಚ್ಛಾ ಲಡ್ಕಾ’, ಆದರೆ ‘ಅಚ್ಛೇ ಲಡ್ಕೇ ಕೋ’. ಪ್ರಾಚೀನ ರೋಮನರ ಲ್ಯಾಟಿನ್‌ನಲ್ಲಿ ವಿಶೇಷಣವು ನಾಮಪದದ ಲಿಂಗ, ವಚನ, ವಿಭಕ್ತಿ ಮೂರನ್ನೂ ಅನುಸರಿಸುತ್ತದೆ. ಅನುಸರಿಸುವುದು ಅರ್ಥವನ್ನು, ಸದ್ದನ್ನಲ್ಲ. ‘ನೌತ’ ಎಂದರೆ ನಾವಿಕ. ಕೇಳಲು ಸ್ತ್ರೀಲಿಂಗದಂತಿದ್ದರೂ ಪುಲ್ಲಿಂಗ. ಹಾಗಾಗಿ ಒಳ್ಳೆಯ ನಾವಿಕ ‘ನೌತ ಬೊನುಸ್’, ಒಳ್ಳೆಯ ನಾವಿಕನನ್ನು ಎನ್ನಲು ‘ನೌತಮ್ ಬೊನುಮ್’. ಈಗ ಅರಬಿಯ ‘ಖಲೀಫ’ ನೋಡಿ. ಕೊನೆಯಲ್ಲಿ ಸ್ತ್ರೀಲಿಂಗದ ಗುರುತಿದೆ, ವ್ಯಕ್ತಿ ಪುರುಷ. ಆದ್ದರಿಂದ ನ್ಯಾಯವಂತ ಖಲೀಫ ‘ಖಲೀಫತುನ್ ಆದಿಲುನ್’, ‘ಆದಿಲತುನ್’ ಅಲ್ಲ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ನನಗಂತೂ ಇದು ಇಂದಿಗೂ ಸೋಜಿಗ.

ಒಂದು ಸ್ವರಕ್ಕೆ ಎಷ್ಟು ಬೆಲೆ? ಸೂರಃ ತೌಬಃದ 3ನೇ ಆಯತ್ತನ್ನು ಗಮನಿಸಿ. ಅಲ್ಲಾಹನಿಗೂ ಅವನ ರಸೂಲರಿಗೂ ಬಹುದೇವಾರಾಧಕರ ಹೊಣೆಯಿಲ್ಲ ಎಂಬುದು ಅದರ ಆಶಯ. ‘ರಸೂಲುಹು’ ಎನ್ನಬೇಕಾದಲ್ಲಿ ‘ರಸೂಲಿಹಿ’ ಎಂದರೆ, ಅಲ್ಲಾಹನಿಗೆ ತನ್ನ ರಸೂಲರ ಹೊಣೆಯೂ ಇಲ್ಲವೆಂದಾಗುತ್ತದೆ. ಅಲ್ಲಾಹನು ಕಾಪಾಡಲಿ! ಒಬ್ಬಾತ ಹೀಗೆ ಓದಿದ್ದನ್ನು ಕೇಳಿ ತಲ್ಲಣಿಸಿದ ಬಸ್ರಾದ ಅಬುಲ್ ಅಸ್ವದ್ ಅದ್ದುವಲೀ ಕುರ್‌ಆನಿನ ಪದಗಳಿಗೆ ಬೇರೆ ಬಣ್ಣದ ಶಾಯಿಯಲ್ಲಿ ಸ್ವರದ ಚುಕ್ಕಿ ಇಡಿಸಿದರೆಂದು ಪರಂಪರೆ ಹೇಳುತ್ತದೆ. ‘ಅ’ಕಾರಕ್ಕೆ ಅಕ್ಷರದ ಮೇಲೆ, ‘ಇ’ಕಾರಕ್ಕೆ ಕೆಳಗೆ, ‘ಉ’ಕಾರಕ್ಕೆ ಮುಂದೆ. ಅವರು ತೀರಿಕೊಂಡದ್ದು ಕ್ರಿ.ಶ. 7ನೇ ಶತಮಾನದ ಕೊನೆಯಲ್ಲಿ.

ಗಲ್ಫಿನಿಂದ ಬಂದವರು, “ಅಲ್ಲಿ ಯಾರೂ ಉನ್, ಇನ್ ಅನ್ನುವುದಿಲ್ಲವಲ್ಲ” ಎನ್ನುತ್ತಾರೆ. ನಿಜ, ಆಡುಮಾತಿನಲ್ಲಿ ಅವು ಉದುರಿಹೋಗಿವೆ. ಲ್ಯಾಟಿನ್‌ನಿಂದ ಹುಟ್ಟಿದ ಇಟಾಲಿಯನ್, ಸ್ಪ್ಯಾನಿಷ್‌ಗಳ ನಾಮಪದಗಳಲ್ಲೂ ವಿಭಕ್ತಿ ಅಳಿದು, ಪದಗಳ ಕ್ರಮವೂ ಉಪಸರ್ಗಗಳೂ ಆ ಕೆಲಸ ಮಾಡುತ್ತಿವೆ. ಆದರೆ ಬರಹದ ಅರಬಿಯಲ್ಲಿ ವಿಭಕ್ತಿ ಜೀವಂತ. ನಮ್ಮ ಕೈಯಲ್ಲಿರುವ ಮುಸ್‌ಹಫ್‌ನಲ್ಲಿ ಸ್ವರಚಿಹ್ನೆ ಅಚ್ಚಾಗಿರುತ್ತದೆ. ಪತ್ರಿಕೆಯಲ್ಲೂ ಸಾಮಾನ್ಯ ಪುಸ್ತಕದಲ್ಲೂ ಇರುವುದಿಲ್ಲ; ಅಲ್ಲಿ ಯಾರು, ಯಾರನ್ನು, ಯಾರ ಎಂದು ವಾಕ್ಯಕ್ಕೆ ಕೇಳಿ, ಕೊನೆಯ ಸ್ವರವನ್ನು ಓದುವವನೇ ಹಾಕಿಕೊಳ್ಳಬೇಕು.