ಸೆಪ್ಟಿಕ್ ಟ್ಯಾಂಕ್ "ಸರಿಯಿಲ್ಲ" ಎಂದು ಬರೆದರೆ ಏನು ಮಾಡೋಣ?



ಮನೆಯ ಸೆಪ್ಟಿಕ್ ಟ್ಯಾಂಕ್ ನೋಡಲು ಬಂದ ಇಂಜಿನಿಯರ್ "ಇದು ಸರಿಯಿಲ್ಲ" ಎಂದು ಬರೆದು ಹೋದರೆ ಮನೆಯಲ್ಲಿ ಎರಡು ಮಾತು ಬರುತ್ತದೆ. ಒಂದು, "ಯಾರಿಗೂ ಹೇಳೋದು ಬೇಡ, ಮರ್ಯಾದೆ ಹೋಗ್ತದೆ." ಇನ್ನೊಂದು, "ಸಂಘದಿಂದ ಸಾಲ ತೆಗೆದು ಹೊಸದೇ ಕಟ್ಟಿಸೋಣ." ಎರಡಕ್ಕೂ ಅವಸರ ಬೇಡ. ಯಾವ ಭಾಗ ಕೆಟ್ಟಿದೆ ಎಂದು ಮೊದಲು ಬರವಣಿಗೆಯಲ್ಲಿ ಕೇಳಿ ಪಡೆಯೋಣ. ಅನೇಕ ಸಲ ಆ ಭಾಗವನ್ನು ಮಾತ್ರ ಸರಿಮಾಡಿಸಿದರೆ ಸಾಕು.

ಟ್ಯಾಂಕಿನಲ್ಲಿ ಗಟ್ಟಿ ಮಲ ತಳದಲ್ಲಿ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಮಾತ್ರ ಇಂಗು ಗುಂಡಿಗೆ ಹೋಗಬೇಕು. ಆ ನೀರು ಕೂಡ ಶುದ್ಧವಲ್ಲ. ಸಾಮಾನ್ಯವಾಗಿ ಕಾಣುವ ದೋಷಗಳು ಮೂರು.

1. ಟ್ಯಾಂಕ್ ತುಂಬಿರುವುದು: ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿಯಿಂದ ಖಾಲಿ ಮಾಡಿಸಬೇಕು. ಆ್ಯಸಿಡ್ ಸುರಿದರೆ ಮಲ ಕರಗುವುದಿಲ್ಲ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ.

2. ಹೊರಪೈಪು ಚರಂಡಿಗೆ ಬಿಟ್ಟಿರುವುದು: ಟ್ಯಾಂಕ್ ಗಟ್ಟಿಯಾಗಿದ್ದು ಜಾಗವೂ ಇದ್ದರೆ ಒಂದು ಇಂಗು ಗುಂಡಿ ಮಾಡಿಸಿದರೆ ಸಾಕಾಗುತ್ತದೆ. ಅದು ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ಆದರೂ ದೂರವಿರಲಿ.

3. ತಳ ಅಥವಾ ಗೋಡೆ ಸೋರುವುದು: "ನಮ್ಮ ಟ್ಯಾಂಕು ಹದಿನೈದು ವರ್ಷ ಆದ್ರೂ ತುಂಬೇ ಇಲ್ಲ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಇದು ಹೆಮ್ಮೆಯ ಮಾತಲ್ಲ. ಬಳಕೆಯಲ್ಲಿರುವ ಟ್ಯಾಂಕಿನಲ್ಲಿ ನೀರು ಯಾವಾಗಲೂ ಹೊರಪೈಪಿನ ಮಟ್ಟಕ್ಕೆ ನಿಂತಿರಬೇಕು. ಕೆಳಗಿದ್ದರೆ ಸೋರುತ್ತಿದೆ ಎಂದೇ ಅರ್ಥ. ಆ ಕೊಳೆ ನಮ್ಮ ಬಾವಿಗೋ ಪಕ್ಕದ ಮನೆಯ ಬಾವಿಗೋ ಸೇರಬಹುದು. (ಎರಡು ಗುಂಡಿಯ ಶೌಚಾಲಯದ ಮಾತು ಬೇರೆ. ಅದರಲ್ಲಿ ನೀರು ಇಂಗಲೆಂದೇ ಗುಂಡಿ ಕಟ್ಟಿರುತ್ತಾರೆ.)

ಸೋರುತ್ತಿದೆ ಎಂದು ತಿಳಿದ ದಿನದಿಂದಲೇ ಬಾವಿ ನೀರನ್ನು ಕುದಿಸಿ ಕುಡಿಯೋಣ. ನೀರಿನ ಪರೀಕ್ಷೆಯನ್ನೂ ಮಾಡಿಸೋಣ. ಸಣ್ಣ ಬಾಟಲಿಯಲ್ಲಿ ಹಾಕಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಅದಕ್ಕೆ ಮಲದ ಕೊಳೆ ಸೇರಿರುವ ಸೂಚನೆ ಎನ್ನುವ ಸುಲಭ ಪರೀಕ್ಷೆ ಇದೆ. ಪಂಚಾಯಿತಿಯಲ್ಲಿ ವಿಚಾರಿಸಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಖರ್ಚು ಉಳಿಯುತ್ತದೆ ಎಂದು ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿ. ಒಳಗಿನ ವಿಷಗಾಳಿ ಕ್ಷಣದಲ್ಲಿ ಎಚ್ಚರ ತಪ್ಪಿಸುತ್ತದೆ. ವಾಸನೆ ಇಲ್ಲವೆಂದರೆ ಅಪಾಯವಿಲ್ಲ ಎಂದಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ಮುನ್ನೆಚ್ಚರಿಕೆ ಇಲ್ಲದೆ ಮನುಷ್ಯರಿಂದ ಹೀಗೆ ಶುಚಿ ಮಾಡಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗಾರೆ ಕೆಲಸಕ್ಕೂ ಅಷ್ಟೇ. ಟ್ಯಾಂಕ್ ಖಾಲಿ ಮಾಡಿಸಿ, ಗಾಳಿ ಪರೀಕ್ಷೆ ಆಗಿ, ಇಂಜಿನಿಯರ್ ಒಪ್ಪಿದ ಮೇಲೆಯೇ ಮೇಸ್ತ್ರಿ ಇಳಿಯಬೇಕು. ಕೂಲಿಗೆ ಬರುವವನೂ ಒಬ್ಬ ತಾಯಿಯ ಮಗ.

ಆದ್ದರಿಂದ ವರದಿಯನ್ನು ಮುಚ್ಚಿಡದೆ ಸಂಘದ ಸಭೆಗೆ ತನ್ನಿ. ಮೇಸ್ತ್ರಿಯಿಂದ ಖರ್ಚಿನ ಲೆಕ್ಕ ಬರೆಸಿಕೊಂಡು, ದುರಸ್ತಿಗೆ ಬೇಕಾದಷ್ಟೇ ಸಾಲ ತೆಗೆದುಕೊಳ್ಳಿ. ನಾಲ್ಕೈದು ಮನೆಯವರು ಒಟ್ಟಾಗಿ ಗಾಡಿ ಕರೆಸುವುದಾದರೆ ಬಾಡಿಗೆಯಲ್ಲಿ ಏನಾದರೂ ಕಡಿಮೆ ಆಗ್ತದಾ ಎಂದು ಕೇಳಿ ನೋಡಿ. ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಪರಿಶೀಲನೆ ಮಾಡಿಸಿ, "ಸರಿಯಿದೆ" ಎಂದು ಬರೆಸಿಕೊಂಡೇ ಹಣ ಪೂರ್ತಿ ಕೊಡಿ.