ಶಿಶುವಿನ ಹೆಸರೂ ಜನರ ಉಚ್ಚಾರಣೆಯೂ

(ಮಠದ ಮಹೋತ್ಸವದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

ಇಂತಹ ಸಭೆಯಲ್ಲಿ ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಮಾತನಾಡತಕ್ಕದ್ದು ನನ್ನಂಥವನ ಕರ್ತವ್ಯವು. ಆದರೆ ಶ್ರೀಗಳವರು, “ಮಠಕ್ಕೆ ಬರುವ ತಂದೆತಾಯಿಗಳು ನಿಮ್ಮನ್ನು ದಿನವೂ ಏನು ಕೇಳುವರೋ ಅದನ್ನೇ ಹೇಳಿರಿ” ಎಂದು ಅಪ್ಪಣೆ ಕೊಡಿಸಿದರು. ಹಿಂದೆ ಅವರು ಕೇಳುತ್ತಿದ್ದುದು, ಕೂಸಿಗೆ ಯಾವ ಹಿರಿಯರ ಹೆಸರಿಡಬೇಕೆಂದು. ಈಗ ಕೇಳುವುದು, “ಶಾಸ್ತ್ರಿಗಳೇ, ಈ ಹೆಸರನ್ನು ಜನರು ನೆಟ್ಟಗೆ ಕರೆಯುವರೋ, ಕೆಡಿಸುವರೋ?” ಎಂದು.

ಕಳೆದ ಶ್ರಾವಣದಲ್ಲಿ ನಮ್ಮ ಮಠದ ಹಳೆಯ ಶಿಷ್ಯರೊಬ್ಬರು ಮಗ ಸೊಸೆಯರನ್ನೂ ತಿಂಗಳು ತುಂಬಿದ ಹೆಣ್ಣುಕೂಸನ್ನೂ ಕರೆದುಕೊಂಡು ಬಂದರು. ಮಗನ ಉದ್ಯೋಗ ಪುಣೆಯಲ್ಲಿ. ಕೂಸಿಗೆ ಪ್ರಜ್ಞಾ ಎಂಬ ಹೆಸರು ಎಲ್ಲರಿಗೂ ಒಪ್ಪಿತ್ತು. ಆದರೆ ಇಡುವುದಕ್ಕೆ ಧೈರ್ಯವಿರಲಿಲ್ಲ. ನಾವು ಬಾಯಲ್ಲಿ ಪ್ರಗ್ನಾ ಎನ್ನುತ್ತೇವೆ, ಮರಾಠಿಗರು ಪ್ರದ್ನ್ಯಾ ಎನ್ನುವರು, ಹಿಂದಿಯವರು ಪ್ರಗ್ಯಾ ಎನ್ನುವರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗಲೂ ಈ ಹೆಸರಿಗೆ ಮೂರು ರೂಪಗಳು ರೂಢಿಯಲ್ಲಿವೆ. ಅದಕ್ಕಾಗಿ ಯಾರೂ ಕೆಡಿಸಲಾರದ ಎರಡಕ್ಷರದ ಹೆಸರುಗಳ ಪಟ್ಟಿಯೊಂದನ್ನು ಸೊಸೆಯು ಬರೆದು ತಂದಿದ್ದಳು. ಅವುಗಳಲ್ಲಿ ಕೆಲವಕ್ಕೆ ಯಾವ ಭಾಷೆಯಲ್ಲಿಯೂ ಅರ್ಥವಿರಲಿಲ್ಲ. ನಾನು ಪಟ್ಟಿಯನ್ನು ನೋಡಿ ನಕ್ಕೆನು. ನಗಬಾರದಾಗಿತ್ತು. ಆಕೆಯು ತಲೆ ತಗ್ಗಿಸಿಕೊಂಡು, “ನನ್ನ ಹೆಸರನ್ನ ಶಾಲೆಯೊಳಗ ಒಬ್ಬರೂ ಸರಿಯಾಗಿ ಕರೀಲಿಲ್ಲರಿ. ಹಾಜರಿ ತಗೊಳ್ಳುವಾಗ ದಿನಾ ಹುಡುಗರು ನಗತಿದ್ದರು. ಮಗಳಿಗೆ ಅದು ಬ್ಯಾಡ” ಎಂದಳು. ಆ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಉಪನ್ಯಾಸವು ಬಹುಶಃ ಆಕೆಗೆ ತಡವಾಗಿ ಕೊಡುತ್ತಿರುವ ಉತ್ತರವೇ ಸರಿ.

ಹೆಸರಿಡುವ ಕ್ರಮವನ್ನು ನಮ್ಮ ಪೂರ್ವಿಕರು ವಿಚಾರಿಸದೆ ಬಿಟ್ಟಿಲ್ಲ. ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಯಾಜ್ಞಿಕರ ಮತವೊಂದನ್ನು ಎತ್ತಿ ಹೇಳುತ್ತಾನೆ. ಹುಟ್ಟಿದ ಹತ್ತು ದಿನಗಳ ಮೇಲೆ ಹೆಸರಿಡಬೇಕು. ಮೊದಲಲ್ಲಿ ಗ, ಜ, ದ, ಬ ಮೊದಲಾದ ಘೋಷಾಕ್ಷರವಿರಬೇಕು. ನಡುವೆ ಯ, ರ, ಲ, ವಗಳಲ್ಲೊಂದು ಬರಬೇಕು. ಮೂರು ತಲೆಮಾರಿನ ಹಿರಿಯರನ್ನು ನೆನಪಿಗೆ ತರಬೇಕು. ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕು. (ಬಸವ ಎಂಬ ಹೆಸರು ಮೊದಲೆರಡು ಪರೀಕ್ಷೆಗಳಲ್ಲಿ ಗೆದ್ದು ಅಕ್ಷರದ ಎಣಿಕೆಯಲ್ಲಿ ಸೋಲುತ್ತದೆ. ಸೋತರೆ ನಷ್ಟವು ನಿಯಮಕ್ಕೇ ಹೊರತು ಬಸವನಿಗಲ್ಲ.) ಇಷ್ಟೆಲ್ಲ ಹೇಳಿದವರು, ಹೆಸರನ್ನು ಸಕಲ ಜನರೂ ಒಂದೇ ವಿಧವಾಗಿ ನುಡಿಯಬೇಕೆಂಬ ನಿಯಮವನ್ನು ಮಾತ್ರ ಅದರಲ್ಲಿ ಸೇರಿಸಲಿಲ್ಲ.

ಅದೇ ಆಹ್ನಿಕದಲ್ಲಿ, “ಹೇ ಅರಯಃ” ಎನ್ನಬೇಕಾದಲ್ಲಿ ರಕಾರವನ್ನು ಲಕಾರ ಮಾಡಿ “ಹೇಲಯಃ” ಎಂದು ಕೂಗಿದ ಅಸುರರು ಸೋತುಹೋದ ಕಥೆಯಿದೆ. ಪಾಠಶಾಲೆಯ ಹುಡುಗರನ್ನು ಹೆದರಿಸುವುದಕ್ಕೆ ಎಲ್ಲ ಉಪಾಧ್ಯಾಯರೂ ಈ ಕಥೆಯನ್ನು ಹೇಳುವರು, ನಾನೂ ಹೇಳಿದ್ದೇನೆ. ಆದರೆ ಅದರ ಜೊತೆಗೇ ಪತಂಜಲಿಯು ಹೇಳಿದ ಇನ್ನೊಂದು ಕಥೆಯನ್ನು ನಾವು ಹೇಳುವುದಿಲ್ಲ. ಹಿಂದೆ ಕೆಲವರು ಋಷಿಗಳಿದ್ದರಂತೆ. ತಿಳಿಯಬೇಕಾದುದನ್ನೆಲ್ಲ ತಿಳಿದವರು. ಅವರು “ಯದ್ವಾ ನಃ, ತದ್ವಾ ನಃ” ಎನ್ನಬೇಕಾದ ಕಡೆ “ಯರ್ವಾಣಃ, ತರ್ವಾಣಃ” ಎನ್ನುತ್ತಿದ್ದರು. ಜನರು ಅವರಿಗೆ ಯರ್ವಾಣ ತರ್ವಾಣರೆಂದೇ ಹೆಸರಿಟ್ಟರು. ಆದರೆ ಯಜ್ಞಕರ್ಮದಲ್ಲಿ ಅವರ ನಾಲಗೆ ಒಮ್ಮೆಯೂ ತಪ್ಪುತ್ತಿರಲಿಲ್ಲ. ಅಸುರರು ಕರ್ಮಕಾಲದಲ್ಲಿ ತಪ್ಪಿದುದರಿಂದ ಕೆಟ್ಟರು. ಮನೆಯ ಮಾತಿನಲ್ಲಿ ತಪ್ಪಿದ ಋಷಿಗಳು ಋಷಿಗಳಾಗಿಯೇ ಉಳಿದರು. ಮಂತ್ರಕ್ಕೆ ಇರುವ ಕಟ್ಟುಪಾಡನ್ನು ಅಂಗಳದಲ್ಲಿ ಮಗುವನ್ನು ಕೂಗುವ ಕೂಗಿಗೆ ಹಾಕತಕ್ಕದ್ದಲ್ಲವೆಂದು ಈ ಕಥೆಯಿಂದ ನಾನು ತಿಳಿಯುತ್ತೇನೆ.

ನಮ್ಮ ಮನೆಗಳ ಹೆಸರುಗಳನ್ನೇ ನೋಡಿರಿ. ಸಂಸ್ಕೃತದ ವೃಷಭ ಶಬ್ದವು ಕನ್ನಡದ ಬಾಯಲ್ಲಿ ಬಸವ ಎಂದಾಯಿತು. ಅದನ್ನು ತಿದ್ದಿ ನಾವು ವೃಷಭಣ್ಣ ಎಂದು ಕರೆಯಲು ಹೋಗಲಿಲ್ಲ. ಅದೇ ಹೆಸರು ಹಿಂದಿಯವರಲ್ಲಿ ಕೊನೆಯ ಅಕಾರವನ್ನು ಬಿಟ್ಟು ಬಸವ್ ಆಗುತ್ತದೆ. ಪ-ಬಗಳೆರಡಕ್ಕೂ ಒಂದೇ ಅಕ್ಷರವುಳ್ಳ ತಮಿಳು ಲಿಪಿಯಲ್ಲಿ ಪಕಾರದಿಂದ ಆರಂಭವಾಗುತ್ತದೆ. ನಮ್ಮಲ್ಲಿ ಪಾಲು ಹಾಲಾದಂತೆ ಪಂಪೆಯು ಹಂಪೆಯಾಯಿತು. ಒಂದೇ ಕೇರಿಯಲ್ಲಿ ಪಂಪಾಪತಿಯೂ ಇರುವನು, ಹಂಪಣ್ಣನೂ ಇರುವನು. ಹಂಪೆಯ ಹರಿಹರನೆಂದು ನಾವು ಕೊಂಡಾಡುವ ಕವಿಯ ಶತಕದ ಹೆಸರು ಪಂಪಾಶತಕ. ತಮಿಳರ ನಂಬಿ ಆರೂರರನ್ನು ಅದೇ ಕವಿಯು ನಂಬಿಯಣ್ಣನೆಂದು ಕರೆದು ರಗಳೆ ಬರೆದನು. ವೀರಭದ್ರನು ಹಳ್ಳಿಹಳ್ಳಿಗಳಲ್ಲಿ ಈರಭದ್ರನಾಗಿ, ಈರಣ್ಣನಾಗಿ ಕಾಯಿ ಕರ್ಪೂರಗಳನ್ನು ಸ್ವೀಕರಿಸುತ್ತಿದ್ದಾನೆ. ವಕಾರವಿಲ್ಲವೆಂದು ದೇವರು ಓಗೊಡದೆ ಇದ್ದುದನ್ನು ನಾನು ಕೇಳಿಲ್ಲ.

ಇನ್ನು ನನ್ನ ಸಂಗತಿಯೊಂದನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ನನ್ನ ಹೆಸರು ಷಡಕ್ಷರಿ ಎಂದು. ಓಂಕಾರಸಹಿತವಾದ ಪಂಚಾಕ್ಷರಿಯ ಹೆಸರದು. ಇಟ್ಟವರು ಗುರುಗಳು, ಕರೆಯಬೇಕಾದವಳು ನಮ್ಮ ತಾಯಿ. ಓದು ಬರಹ ಅರಿಯದ ಆಕೆಯು ಸಡಕ್ಕರಿ ಎಂದು ಕರೆಯುತ್ತಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ನನ್ನನ್ನು ಪಾಠಶಾಲೆಗೆ ಸೇರಿಸಿದರು. ಅಲ್ಲಿ ಮೂರ್ಧನ್ಯ ಷಕಾರವನ್ನು ನಾಲಗೆ ಮಡಿಸಿ ನುಡಿಯುವುದನ್ನು ಕಲಿತು, ಮೊದಲ ರಜೆಯಲ್ಲಿ ಊರಿಗೆ ಹೋದೆನು. ತಾಯಿಯು ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ನನ್ನನ್ನು ಕೂಗಿದಳು. ಓರಗೆಯ ಹುಡುಗರ ಮುಂದೆ ನನಗೆ ನಾಚಿಕೆಯಾಯಿತು. ಒಳಗೆ ಹೋಗಿ, “ನಿನಗ ಮಗನ ಹೆಸರೂ ಅನ್ನಾಕ ಬರೂದಿಲ್ಲೇನಬೇ?” ಎಂದು ಕೇಳಿ, ಷಕಾರವನ್ನು ನಾಲ್ಕಾರು ಸಲ ಹೇಳಿಕೊಟ್ಟೆನು. ಆಕೆ ಎರಡು ಸಲ ಪ್ರಯತ್ನಿಸಿದಳು, ಬರಲಿಲ್ಲ. ಆ ಮೇಲೆ ಆಕೆ ಬದುಕಿದ್ದ ಇಪ್ಪತ್ತೊಂದು ವರ್ಷಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. “ತಮ್ಮಾ” ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ, ತಪ್ಪೀತೆಂಬ ಅಂಜಿಕೆಯಿಂದ.

ಕೆಲವು ವರ್ಷಗಳ ತರುವಾಯ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಪ್ರಕರಣವು ಪಾಠಕ್ಕೆ ಬಂದಿತು. ಶಕಾರ ಷಕಾರಗಳು ತದ್ಭವದಲ್ಲಿ ಸಕಾರವಾಗುತ್ತವೆ, ಅಕ್ಷರವು ಅಕ್ಕರವಾಗುತ್ತದೆ. ಪುಸ್ತಕವನ್ನು ಮುಂದಿಟ್ಟುಕೊಂಡು ನಾನು ಬಹಳ ಹೊತ್ತು ಕುಳಿತೆನು. ನಮ್ಮ ತಾಯಿಯು ಹೆಸರನ್ನು ಕೆಡಿಸಿರಲೇ ಇಲ್ಲ. ಕನ್ನಡವು ನೂರಾರು ವರ್ಷಗಳಿಂದ ನಡೆದುಬಂದ ದಾರಿಯಲ್ಲಿ, ಸೂತ್ರಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ನುಡಿದಿದ್ದಳು. ಇದನ್ನು ಆಕೆಗೆ ಹೇಳಬೇಕೆಂದು ಎಷ್ಟೋ ಸಲ ಊರಿಗೆ ಹೋದೆನು, ಹೇಳಲಿಲ್ಲ.

ಹಾಗೆಂದ ಮಾತ್ರಕ್ಕೆ ಎಲ್ಲ ಅಪೋಚ್ಚಾರಣೆಯನ್ನೂ ಸಹಿಸಿರೆಂದು ನಾನು ಹೇಳುವುದಿಲ್ಲ. ಬಾರದ ಬಾಯಿ ಬೇರೆ, ಲಕ್ಷ್ಯವಿಲ್ಲದ ಬಾಯಿ ಬೇರೆ. ಪುಣೆಯ ಸೊಸೆಯನ್ನು ದಿನವೂ ನಗೆಗೀಡು ಮಾಡಿದವರಿಗೆ ಅಕ್ಷರ ಬಾರದೆ ಇರಲಿಲ್ಲ. ಒಂದು ಸಲ ಕೇಳಿ ತಿಳಿದುಕೊಳ್ಳುವ ವ್ಯವಧಾನವಿರಲಿಲ್ಲ. ಅಂಥವರಿಗೆ ಮೊದಲ ದಿನವೇ ತಂದೆಯೋ ತಾಯಿಯೋ ಹೋಗಿ ವಿನಯದಿಂದ ಹೇಳಿಕೊಡತಕ್ಕದ್ದು. ಮರೆತರೆ ಎರಡನೆಯ ಸಲವೂ ಹೇಳತಕ್ಕದ್ದು. ಅರ್ಥವೇ ಬೇರೆಯಾಗುವ ಕಡೆಯಲ್ಲಿ ಇನ್ನೂ ಎಚ್ಚರ ಬೇಕು. ಶಿವ ಎಂಬ ಗಂಡುಮಗುವಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಿಂದ ಓದುವವರು ಕೊನೆಯನ್ನೆಳೆದು ಶಿವಾ ಎನ್ನುವರು. ಶಿವಾ ಎಂದರೆ ಸಂಸ್ಕೃತದಲ್ಲಿ ಪಾರ್ವತಿಯು. ಅಮರಕೋಶದ ಪ್ರಕಾರ ನರಿಯೂ ಹೌದು!

ಬಾಯಿ ಹಲವಾದರೂ ಕಾಗದವು ಒಂದೇ ಇರಬೇಕು. ನಮ್ಮ ಪಾಠಶಾಲೆಯಲ್ಲಿ ಓದಿದವನೊಬ್ಬನ ಹೆಸರು ಶಾಲೆಯ ದಾಖಲೆಯಲ್ಲಿ ವೀರಪ್ಪ, ಹೊಲದ ಪಹಣಿಯಲ್ಲಿ ಈರಪ್ಪ. ಇಬ್ಬರೂ ತಾನೊಬ್ಬನೇ ಎಂದು ಸಾಧಿಸುವುದಕ್ಕೆ ಅವನು ಎರಡು ವರ್ಷ ಕಚೇರಿಗಳಿಗೆ ಅಲೆದನು. ಈಗಂತೂ ಜನನ ಮರಣ ನೋಂದಣಿಯ ಕಾಯಿದೆಗೆ ೨೦೨೩ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ ೧ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ವಾಹನ ನಡೆಸುವ ಪರವಾನಿಗೆ, ವಿವಾಹ ನೋಂದಣಿ, ಸರ್ಕಾರಿ ನೌಕರಿ ಮೊದಲಾದವುಗಳಿಗೆ ಜನನ ಪತ್ರವೇ ಹುಟ್ಟಿದ ದಿನಾಂಕಕ್ಕೂ ಸ್ಥಳಕ್ಕೂ ಆಧಾರವಾಗಿದೆ. ಆದುದರಿಂದ ಆ ಪತ್ರದಲ್ಲಿ ಹೆಸರು ಹೇಗೆ ಬರೆಯಲ್ಪಡುವುದೋ ಹಾಗೆಯೇ ಮಗುವಿನ ಬಾಳೆಲ್ಲ ನಡೆಯುತ್ತದೆಂದು ತಿಳಿದು ಬರೆಯಿಸಿರಿ. ಅವಸರವೂ ಬೇಕಾಗಿಲ್ಲ. ಜನನವನ್ನು ಇಪ್ಪತ್ತೊಂದು ದಿನಗಳೊಳಗೆ ತಿಳಿಸಿ, ಹೆಸರನ್ನು ಅನಂತರ ಸೇರಿಸುವುದಕ್ಕೆ ೧೯೬೯ರ ಮೂಲ ಕಾಯಿದೆಯ ೧೪ನೆಯ ಕಲಮಿನಲ್ಲಿಯೇ ಅವಕಾಶವಿದೆ.

ಆ ಶ್ರಾವಣದಲ್ಲಿ ಬಂದವರು ಪ್ರಜ್ಞಾ ಎಂಬ ಹೆಸರನ್ನೇ ಇಟ್ಟರು. ಪುಣೆಯವರಿಗೆ ರೂಢಿಯಾದ ರೂಪವನ್ನೇ ಇಂಗ್ಲಿಷಿನಲ್ಲಿ ಬರೆಯಿಸಿದರು. ಕೂಸು ಬೆಳೆಯುವುದು ಅಲ್ಲಿಯೇ ಆದುದರಿಂದ ನಾನೂ ಅದನ್ನು ಒಪ್ಪಿದೆನು. ತೊಟ್ಟಿಲಲ್ಲಿ ಹಾಕಿದ ದಿನ ಸೋದರತ್ತೆಯು ಕಿವಿಯಲ್ಲಿ ಹೆಸರು ಹೇಳಿದ ಮೇಲೆ, ತೊಂಬತ್ತರ ಹತ್ತಿರದ ಮುತ್ತಜ್ಜಿಯು ಬಗ್ಗಿ “ಪರಗವ್ವಾ” ಎಂದಳು. ಮೊಮ್ಮಗನು ತಿದ್ದಲು ಬಾಯಿ ತೆರೆದನು. ಸೊಸೆಯು ಅವನ ಕೈಯನ್ನು ಅದುಮಿದಳು.

ನನ್ನ ವಿಜ್ಞಾಪನೆ ಇಷ್ಟೇ. ಹೆಸರು ಕೇಳುವುದಕ್ಕೆ ಮಠಕ್ಕೆ ಬರುವವರು ಮನೆಯ ಅಜ್ಜಿಯನ್ನು ತಪ್ಪದೆ ಕರೆತನ್ನಿರಿ. ಹೆಸರನ್ನು ಹಾಳೆಯ ಮೇಲೆ ಬರೆಯುವ ಮೊದಲು ನಾವು ಅದನ್ನು ಆಕೆಯ ಬಾಯಲ್ಲಿ ಒಂದು ಸಲ ಕೇಳೋಣ.